ಹದಿನೇಳನೇ ಬಿಲ್ಲೆ

ಮೂವತ್ತು ವರ್ಷಗಳ ಹಿಂದೆ ಒಬ್ಬ ಹೆಂಗಸನ್ನು ನಾನು ಸಾವಿರ ಜನರ ಎದುರು ಮೈಕಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದೆ. ಹೋದ ತಿಂಗಳು ಅದೇ ಹೆಂಗಸು ನನ್ನನ್ನು ನೆಲದಡಿಯ ಕತ್ತಲಿನಿಂದ ಹೊರಗೆ ಕರೆತಂದಳು. ಹೊಗಳಿ ಬರೆಯುವುದು ನನ್ನ ಕಸುಬಲ್ಲ. ಪೆನ್ನು ಹಿಡಿದಾಗಲೆಲ್ಲ ಬರೆದದ್ದು ಕರಪತ್ರ, ಖಂಡನೆ, ಬೇಡಿಕೆಗಳ ಪಟ್ಟಿ. ಆದರೂ ಇದನ್ನು ಬರೆಯದೆ ಹೋದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಊರು ಅಂಥ ದೊಡ್ಡದೇನಲ್ಲ. ಕಲ್ಲಿದ್ದಲು ಗಣಿ ಮುಚ್ಚಿ ಹತ್ತೊಂಬತ್ತು ವರ್ಷವಾಗಿದೆ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಕಾರ್ಮಿಕರ ಸಾಲುಮನೆಗಳು ಹಾಗೇ ಇವೆ. ಬಾಗಿಲುಗಳಿಗೆ ಮಾತ್ರ ಹಳದಿ, ನೀಲಿ ಬಣ್ಣ ಬಂದಿದೆ. ನಮ್ಮ ಕಾಲದಲ್ಲಿ ಬಿಳಿ ಬಟ್ಟೆ ಒಣಹಾಕಿದರೆ ಸಂಜೆಯ ಹೊತ್ತಿಗೆ ಬೂದಿಯಲ್ಲಿ ಅದ್ದಿದ ಹಾಗಾಗುತ್ತಿತ್ತು. ಈಗ ಗಣಿಯ ಆಸ್ಪತ್ರೆ ಪ್ರವಾಸಿಗರ ವಸತಿಗೃಹವಾಗಿ, ಅದರ ಹಿತ್ತಲಿನಲ್ಲಿ ಬೆಳ್ಳಗಿನ ಹೊದಿಕೆಗಳು ಸಾಲಾಗಿ ಹಾರಾಡುತ್ತವೆ. ಅಗೆದು ಬಿಟ್ಟ ದೊಡ್ಡ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿದೆ. ಅದರಲ್ಲಿ ಬಾತುಕೋಳಿ ಆಕಾರದ ದೋಣಿ ತುಳಿಯುತ್ತಾರೆ. ಗಣಿಯ ಕಲ್ಲುಕಸ ಸುರಿದ ಗುಡ್ಡಕ್ಕೆ ಹುಲ್ಲು ಹತ್ತಿ, ತುದಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಕಟ್ಟೆಯೂ ಬಂದಿದೆ. ಇದ್ದಲು ಬಂಡಿಯ ಹಳಿ ಕಿತ್ತ ಜಾಗ ನಡೆದಾಡುವ ದಾರಿಯಾಗಿ ಜಲಪಾತದವರೆಗೂ ಹೋಗುತ್ತದೆ. ಒಂದೇ ದಿನದಲ್ಲಿ ಕೆರೆ, ಗಣಿ, ಜಲಪಾತ ಮೂರನ್ನೂ ತೋರಿಸುವ ಬಸ್ಸೊಂದಿದೆ. ಒಂದು ಭಾನುವಾರ ನಾನು ಅದನ್ನು ಹತ್ತಿದೆ. ಯಾಕೆ ಅಂದರೆ, ಮೊಣಕಾಲು ಇನ್ನೂ ಮಾತು ಕೇಳುತ್ತಿರುವಾಗಲೇ ಒಮ್ಮೆ ನೋಡಿ ಬರೋಣ ಅನ್ನಿಸಿತು, ಅಷ್ಟೆ.

ಗಣಿಯಲ್ಲಿ ಈಗ ತೆರೆದಿರುವುದು ಒಂದೇ ಇಳಿಜಾರು ಸುರಂಗ, ಅರ್ಧ ಕಿಲೋಮೀಟರು. ಅದರ ಬಾಯಿಗೆ ಅಂಟಿಕೊಂಡಂತೆ ದೀಪದ ಕೋಣೆ. ಒಳಗಿನ ಗೋಡೆಗೆ ಒಂದು ಕಪ್ಪು ಹಲಗೆ, ಹಲಗೆಯ ಮೇಲೆ ನಲವತ್ತು ಮೊಳೆ. ಅಲ್ಲಿ ಕೂತು ಇಳಿಯುವವರನ್ನೂ ಹತ್ತುವವರನ್ನೂ ನೋಡಿಕೊಳ್ಳುವವಳು ಬಿಲ್ಲೆಯಕ್ಕ. ಅದು ಊರು ಇಟ್ಟ ಹೆಸರು. ಬೇರೆ ಹೆಸರಿನಿಂದ ಕೂಗಿದರೆ ಆಕೆಯೇ ತಿರುಗಿ ನೋಡುವುದಿಲ್ಲವಂತೆ. ಹಿತ್ತಾಳೆಯ ದುಂಡು ಬಿಲ್ಲೆಗಳು ಆಕೆಯ ಡಬ್ಬಿಯಲ್ಲಿರುತ್ತವೆ, ಒಂದೊಂದಕ್ಕೂ ಒಂದೊಂದು ನಂಬರು. ಇಳಿಯುವವರು ತಮ್ಮ ಬಿಲ್ಲೆಯನ್ನು ತಮ್ಮ ಕೈಯಾರೆ ಮೊಳೆಗೆ ಹಾಕಿ, ಅದೇ ನಂಬರಿನ ಕೈದೀಪ ತೆಗೆದುಕೊಳ್ಳಬೇಕು. ಹತ್ತಿ ಬಂದ ಮೇಲೆ ದೀಪ ಕೊಟ್ಟು, ಬಿಲ್ಲೆಯನ್ನು ಮತ್ತೆ ಕೈಯಾರೆ ತೆಗೆದು ಆಕೆಯ ಅಂಗೈಗಿಡಬೇಕು. ಇನ್ನೊಬ್ಬರ ಬಿಲ್ಲೆ ಮುಟ್ಟುವ ಹಾಗಿಲ್ಲ. ಕಟ್ಟಿಕೊಂಡ ಹೆಂಡತಿಯದಾದರೂ ಅಷ್ಟೆ, ಹೆತ್ತ ಮಗುವಿನದಾದರೂ ಅಷ್ಟೆ. ಹಲಗೆ ಖಾಲಿಯಾದರೆ ಗಣಿ ಖಾಲಿ.

ನನ್ನ ಸರದಿ ಬಂತು. ಜೇಬಿನಲ್ಲಿ ಕನ್ನಡಕಕ್ಕೆ ತಡಕಾಡುತ್ತಿದ್ದೆ.

"ಹಣೆ ಮೇಲಿದೆ, ಹುಡುಕ್ಬೇಡಿ," ಎಂದಳು. "ಹದಿನೇಳು. ನಿಮ್ಮ ಕೈಯಾರೆ ಹಾಕಿ."

ಹಾಕಿದೆ. ದೀಪ ಕೊಡುತ್ತ ನನ್ನ ಮುಖವನ್ನು ಒಮ್ಮೆ ನೆಟ್ಟಗೆ ನೋಡಿದಳು.

"ಈ ಸಲ ಮೈಕ್ ತಂದಿಲ್ವಾ?"

ಹಿಂದಿನವರು ನೂಕಿದರು, ಮುಂದೆ ಹೋದೆ.

ಆಗ ನಡೆದದ್ದು ಇಷ್ಟು. ಸುರಂಗಕ್ಕೆ ಎರಡನೇ ದಾರಿ ಕೊಡಿ, ಗಾಳಿಗೆ ಹೊಸ ಫ್ಯಾನು ಹಾಕಿ ಎಂದು ನಲವತ್ತೊಂದು ದಿನ ಮುಷ್ಕರ ಹೂಡಿದ್ದೆವು. ಹೊರಗಿನಿಂದ ಬಂದ ಮುಖಂಡ ನಾನು. ಒಂದು ನರಪಿಳ್ಳೆಯೂ ಕೆಲಸಕ್ಕೆ ಹೋಗಬಾರದು ಎಂದು ನನ್ನ ಕಟ್ಟಪ್ಪಣೆ. ಆದರೆ ನೀರೆತ್ತುವ ಪಂಪು ನಿಂತರೆ ಗಣಿಯೇ ಮುಳುಗುತ್ತದೆ ಎಂದು ಆರು ಜನ ದಿನವೂ ಇಳಿಯುತ್ತಿದ್ದರು. ಅವರನ್ನು ಎಣಿಸಲು ಈಕೆ ದೀಪದ ಕೋಣೆಗೆ ಹೋಗುತ್ತಿದ್ದಳು. ನನಗೆ ಪಂಪೂ ಗೊತ್ತಿರಲಿಲ್ಲ, ಎಣಿಕೆಯೂ ಗೊತ್ತಿರಲಿಲ್ಲ, ಭಾಷಣ ಗೊತ್ತಿತ್ತು. "ದೀಪದ ಕೋಣೆಯಲ್ಲಿ ಕೂತಿರೋ ಆ ಹೆಂಗಸು ಕಂಪನಿಯ ಬಾಲ" ಎಂದು ಮೈಕಿನಲ್ಲಿ ಗುಡುಗಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಬಹಳ ದಿನ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಫ್ಯಾನು ಬಂತು, ಎರಡನೇ ದಾರಿ ಬರಲಿಲ್ಲ. ಹನ್ನೊಂದು ವರ್ಷದ ಮೇಲೆ ಗಣಿಯೇ ಮುಚ್ಚಿತು. ಅಷ್ಟರಲ್ಲಿ ನಾನು ಬೇರೆ ಊರುಗಳಲ್ಲಿ ಬೇರೆಯವರನ್ನು ಬೈಯುತ್ತಿದ್ದೆ.

ಆಕೆ ಮಾತ್ರ ಅಲ್ಲೇ ಇದ್ದಳು. ಗಣಿಯ ಸಾಮಾನೆಲ್ಲ ಗುಜರಿಗೆ ಹೋದಾಗ ಬಿಲ್ಲೆಗಳನ್ನು ಹಿಟ್ಟಿನ ಡಬ್ಬಿಗೆ ಸುರಿದು, ಮೇಲೆ ಎರಡು ಸೇರು ಹಿಟ್ಟು ಹಾಕಿ ಮನೆಯಲ್ಲಿಟ್ಟಳು. ಹಲಗೆಯನ್ನು ಮಂಚದ ಕೆಳಗೆ ತಳ್ಳಿದಳು. ಮಗಳು ಬಸ್ ಕಂಡಕ್ಟರ್ ಆಗಿ ಸಂಬಳ ತರುವವರೆಗೆ ಆಸ್ಪತ್ರೆಯ ಬಟ್ಟೆ ಒಗೆದಳು. ಒಂಬತ್ತು ವರ್ಷ ಕಳೆದು ಊರಿನ ಸಮಿತಿಯವರು ಪ್ರವಾಸಿಗರಿಗೆ ಸುರಂಗ ತೆರೆಯಲು ಹೊರಟಾಗ, ಹಳೆಯ ಸಾಮಾನು ಏನಾದರೂ ಇದೆಯೇ ಎಂದು ಮನೆ ಮನೆ ಕೇಳುತ್ತ ಬಂದರಂತೆ. "ಇದೆ. ಆದ್ರೆ ಅದು ನಾನಿದ್ದ ಕಡೆ ಇರತ್ತೆ" ಎಂದಳಂತೆ. ಹಾಗೆ ಐವತ್ತಾರನೇ ವಯಸ್ಸಿಗೆ ಮತ್ತೆ ಅದೇ ಕುರ್ಚಿ. ಈಗ ಅರವತ್ತಾರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಸುರಂಗಕ್ಕೆ ಇಳಿದವಳಲ್ಲ. ಗಣಿಯಿದ್ದಾಗ ಹೆಂಗಸರು ಇಳಿಯುವಂತಿರಲಿಲ್ಲ. ಆಮೇಲೆ ಯಾರಾದರೂ ಕರೆದರೆ, "ನೋಡೋಕೆ ಏನಿದೆ ಅಲ್ಲಿ, ಮಸಿ?" ಎನ್ನುತ್ತಿದ್ದಳು.

ನಾನು ಹೋದ ದಿನ ಆ ಕುರ್ಚಿಗೇ ಸಂಚಕಾರ ಬಂದಿತ್ತು. ಬಿಲ್ಲೆ ಹಾಕಿ ತೆಗೆಯುವುದರಲ್ಲಿ ಬಸ್ಸು ತಡವಾಗುತ್ತದೆ, ಜಲಪಾತ ತಪ್ಪುತ್ತದೆ ಎಂದು ಪ್ರವಾಸಿಗರ ದೂರು. ಹೊಸ ಮ್ಯಾನೇಜರ್, ಮೂವತ್ತರ ಆಸುಪಾಸಿನ ಅಚ್ಚುಕಟ್ಟಿನ ಮನುಷ್ಯ, ಕೈಗೆ ಕಟ್ಟುವ ಪಟ್ಟಿ, ಅದನ್ನು ಓದುವ ಯಂತ್ರ ಎಲ್ಲ ತರಿಸಿ ಪೆಟ್ಟಿಗೆಯಲ್ಲಿಟ್ಟಿದ್ದ. ಇನ್ನೊಂದೇ ಒಂದು ಸಲ ತಡವಾದರೆ ಬಿಲ್ಲೆಗಳು ಗಾಜಿನ ಕಪಾಟಿಗೆ, ಬಿಲ್ಲೆಯಕ್ಕ ಮನೆಗೆ ಎಂದು ಹಿಂದಿನ ವಾರವೇ ಹೇಳಿಯಾಗಿತ್ತು.

ಕರೆದೊಯ್ಯುವವನೂ ಸೇರಿ ನಾವು ಇಪ್ಪತ್ತೆರಡು ಜನ ಇಳಿದೆವು. ಕರೆದೊಯ್ದವನು ಹಳೆಯ ಗಣಿ ಕಾರ್ಮಿಕ, ಕೆಮ್ಮಣ್ಣ. ಮಣ್ಣಿಗೂ ಅವನಿಗೂ ಸಂಬಂಧವಿಲ್ಲ; ಇದ್ದಲಿನ ಧೂಳು ಎದೆಯಲ್ಲಿ ಕೂತು ನಾಲ್ಕು ಮಾತಿಗೊಮ್ಮೆ ಕೆಮ್ಮುತ್ತಾನೆ, ಅದಕ್ಕೇ ಆ ಹೆಸರು. ಸುರಂಗದ ತುದಿ ಮುಟ್ಟಿದಾಗ ಎಲ್ಲರಿಗೂ ದೀಪ ಎತ್ತಲು ಹೇಳಿ ಎಣಿಸಿದ. ಗಣಿಯವರು ತಲೆ ಎಣಿಸುವುದಿಲ್ಲ, ಬೆಳಕು ಎಣಿಸುತ್ತಾರೆ. ಕತ್ತಲಲ್ಲಿ ತಲೆ ಎಲ್ಲಿ ಕಾಣುತ್ತದೆ?

ಅಲ್ಲೇ ನನಗೆ ಒಂದಕ್ಕೆ ಅವಸರವಾಯಿತು. ಅರವತ್ತೆಂಟರ ಗಂಡಸಿನ ಕಷ್ಟ, ವಿವರಿಸುವುದಿಲ್ಲ. ಪಕ್ಕದಲ್ಲಿ ನಿವೃತ್ತ ಶಾಲಾ ಮೇಷ್ಟ್ರೊಬ್ಬರಿದ್ದರು. "ಮೇಷ್ಟ್ರೇ, ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ದೀಪ ಅವರ ಕೈಗಿತ್ತೆ. ಈ ಕೆಲಸಕ್ಕೆ ಎರಡೂ ಕೈ ಬೇಕು. ಅದೂ ಅಲ್ಲದೆ ಅಷ್ಟು ಜನರ ಮಧ್ಯೆ ಬೆಳಕು ಹಿಡಿದು ಮಾಡುವ ಕೆಲಸವೂ ಅಲ್ಲ. ಪಕ್ಕದ ಅಡ್ಡ ಗಲ್ಲಿಗೆ ಗೋಡೆ ಸವರುತ್ತ ಹೊಕ್ಕೆ, ಇನ್ನೂ ನಾಲ್ಕು ಹೆಜ್ಜೆ ಒಳಗೆ ಹೋದೆ. ಹಾಳು ಮರ್ಯಾದೆ.

ಮುಗಿಸುವುದಕ್ಕೆ ನನಗೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಗುಂಪು ತಿರುಗಿ ಹೊರಟಿತ್ತು. ನಾನು ಮುಂದೆ ಹೋಗಿರಬೇಕು ಎಂದುಕೊಂಡು ಮೇಷ್ಟ್ರು ಎರಡು ಕೈಯಲ್ಲಿ ಎರಡು ದೀಪ ಹಿಡಿದು ನಡೆದರು. ಕೆಮ್ಮಣ್ಣ ಮತ್ತೊಮ್ಮೆ ಎಣಿಸಿದ. ಇಪ್ಪತ್ತೆರಡು ಬೆಳಕು. ಸರಿಯಾಗಿಯೇ ಇತ್ತು.

ನಾನು ಕೂಗಿದೆ. ಆ ಗಲ್ಲಿಯಲ್ಲಿ ಕೂಗಿದ್ದು ಗಲ್ಲಿಯಲ್ಲೇ ಉಳಿಯಿತು. ದಾರಿಯೆಂದು ಹಿಡಿದದ್ದು ಗೋಡೆ, ತಿರುವೆಂದು ತಿರುಗಿದ್ದು ಇನ್ನೊಂದು ಗೋಡೆ. ಹಣೆ ಹೊಡೆಸಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಲಾಠಿ ಏಟು ತಿಂದಿದ್ದೇನೆ, ನಾಲ್ಕು ಸಲ ಜೈಲು ಕಂಡಿದ್ದೇನೆ. ಜೈಲಿನಲ್ಲಿ ಕಡೆಗೆ ಬೈಯುವುದಕ್ಕಾದರೂ ಒಬ್ಬ ಪೊಲೀಸ್ ಇರುತ್ತಾನೆ. ಇಲ್ಲಿ ನನ್ನ ಕೈ ನನಗೆ ಕಾಣಲಿಲ್ಲ. ಅಂದಿನ ಕೊನೆಯ ತಂಡ ನಮ್ಮದು. ಸೋಮವಾರ, ಮಂಗಳವಾರ ಗಣಿಗೆ ರಜೆ. ಗೇಟು ಹಾಕುವಾಗ ಫ್ಯಾನನ್ನೂ ನಿಲ್ಲಿಸುತ್ತಾರೆ ಎಂದು ಕೆಮ್ಮಣ್ಣನೇ ಹೇಳಿದ್ದ. ಫ್ಯಾನಿನ ಸದ್ದು ದೂರದಲ್ಲಿ ಗುಂಯ್ ಎನ್ನುತ್ತಿತ್ತು. ನಾವು ನಲವತ್ತೊಂದು ದಿನ ಜಗಳಾಡಿ ಹಾಕಿಸಿದ ಫ್ಯಾನು. ಅದು ತಿರುಗುತ್ತಿದೆ ಅಂದರೆ ಮೇಲೆ ಇನ್ನೂ ಗೇಟು ಹಾಕಿಲ್ಲ. ಅದನ್ನೇ ಕೇಳುತ್ತ ಕೂತೆ.

ಮೇಲೆ ನಡೆದದ್ದನ್ನು ಎದುರಿನ ಟೀ ಅಂಗಡಿಯಾಕೆ ಆಮೇಲೆ ನನಗೆ ಅಭಿನಯ ಸಮೇತ ಹೇಳಿದಳು.

ಮೇಷ್ಟ್ರು ಎರಡು ದೀಪ ಇಟ್ಟರು. ಬಿಲ್ಲೆಯಕ್ಕ ಹದಿನೇಳನೇ ದೀಪವನ್ನು ಎತ್ತಿ ಹಿಡಿದಳು; ಅದರ ಬಿಲ್ಲೆ ಇನ್ನೂ ಹಲಗೆಯ ಮೇಲೇ ಇತ್ತು.

"ಇದು ನಿಮ್ದಲ್ವಲ್ಲ?"

"ಆ ಹಿರಿಯರದ್ದು. ಹಿಡ್ಕೊಳ್ಳಿ ಅಂತ ಕೊಟ್ರು. ಆಗ್ಲೇ ಬಸ್ಸಲ್ಲಿ ಕೂತಿರ್ತಾರೆ."

"ನೋಡಿದ್ರಾ?"

"ನೋಡಿಲ್ಲ, ಇರ್ತಾರೆ."

"ಇರ್ತಾರೆ ಬೇರೆ, ಇದ್ದಾರೆ ಬೇರೆ ಮೇಷ್ಟ್ರೇ. ಶಾಲೇಲಿ ನೀವೇ ಹೇಳ್ಕೊಡೋದಲ್ವಾ?"

ಮ್ಯಾನೇಜರ್ ಬಸ್ಸಿನವರೆಗೆ ಓಡಿ, ನೋಡಿ ಬಂದ. "ಬಸ್ಸಲ್ಲಿಲ್ಲ. ಟಾಯ್ಲೆಟ್ಟಲ್ಲಿ ಇರ್ತಾರೆ ಬಿಡಿ."

"ನೀವೂ ಇರ್ತಾರೆ ಅಂದ್ರಾ?"

ಟೀ ಅಂಗಡಿಯಾಕೆ ಹೋಗಿ ಬಾಗಿಲು ಬಡಿದಳು. "ಯಾರೂ ಇಲ್ಲ" ಎಂದು ಒಳಗಿನಿಂದ ಉತ್ತರ ಬಂತು, ಹೆಣ್ಣು ದನಿಯಲ್ಲಿ. ಬಸ್ಸಿನ ಡ್ರೈವರ್ ಹಾರ್ನ್ ಒತ್ತಿದ.

"ಅಕ್ಕಾ, ಐದೂವರೆಗೆ ಜಲಪಾತದ ಗೇಟ್ ಹಾಕ್ತಾರೆ!"

"ನೀರು ನಾಳೆನೂ ಬೀಳತ್ತೆ ಕಣಪ್ಪ. ಹಾರ್ನ್ ಬಿಡು, ಕಿವಿ ಹೋಗತ್ತೆ."

ಮ್ಯಾನೇಜರ್ ದನಿ ತಗ್ಗಿಸಿದ. "ನೋಡಿ, ಕೆಲವರು ಬಿಲ್ಲೆ ಬಿಟ್ಟು ಹಾಗೇ ಹೊರಟುಹೋಗ್ತಾರೆ. ಕೆಮ್ಮಣ್ಣ ಎಣಿಸಿದ್ದು ಇಪ್ಪತ್ತೆರಡು. ಇಲ್ಲಿ ಬಂದಿರೋ ದೀಪನೂ ಇಪ್ಪತ್ತೆರಡು. ಇನ್ನೇನು ಬೇಕು ನಿಮಗೆ?"

"ಆಳು ಬೇಕು. ದೀಪ ಬಂದ್ರೆ ಆಳು ಬಂದ ಹಾಗಲ್ಲ."

ಈ ಮಾತು ಆಕೆಗೆ ಪುಕ್ಕಟೆ ಸಿಕ್ಕಿದ್ದಲ್ಲ. ಗಂಡ ಸುರಂಗದಲ್ಲಿ ಹಳಿ ಜೋಡಿಸುವ ಕೆಲಸದವನು. ಒಂದು ದಿನ ಜೊತೆಯವನ ದೀಪ ಕೆಟ್ಟಿತು. ಇವನು ತನ್ನದನ್ನು ಕೊಟ್ಟು, "ನೀನು ನಡಿ, ಈ ಒಂದು ಬೋಲ್ಟ್ ಬಿಗಿದು ಗೋಡೆ ಹಿಡ್ಕೊಂಡು ಬರ್ತೀನಿ" ಎಂದನಂತೆ. ಜೊತೆಯವನು ಮೇಲೆ ಬಂದು ಎರಡು ದೀಪವನ್ನೂ ಇಟ್ಟು, ಯಾವುದೋ ಮಾತಿನಲ್ಲಿ ಮರೆತು ಮನೆಗೆ ಹೋದ. ಆಗಿನ ದೀಪದ ಕೋಣೆಯವನು ದೀಪ ಎಣಿಸಿ, ಎಲ್ಲ ಬಂದರು ಎಂದು ಬರೆದ. ಮುಂದಿನ ಪಾಳಿಯವರು ಇಳಿದಾಗ, ಕುಸಿದ ಕಲ್ಲಿನ ಕೆಳಗಿದ್ದವನ ಮೈ ಇನ್ನೂ ಬೆಚ್ಚಗಿತ್ತು. ಆಗ ಬಿಲ್ಲೆಯಕ್ಕನಿಗೆ ಇಪ್ಪತ್ತನಾಲ್ಕು, ಕಂಕುಳಲ್ಲಿ ಮಗಳು. ಗಂಡನ ಬದಲಿಗೆ ಕಂಪನಿ ಕೆಲಸ ಕೊಟ್ಟಾಗ ಆಕೆ ಕೇಳಿ ಪಡೆದದ್ದು ಅದೇ ದೀಪದ ಕೋಣೆ. ಕೈಯಾರೆ ಹಾಕು, ಕೈಯಾರೆ ತೆಗೆ ಎಂಬುದು ಆಕೆ ತಂದ ಕಾನೂನು. ಅದಕ್ಕೆ ಯಾರ ಸಹಿಯೂ ಇರಲಿಲ್ಲ. ಅಲ್ಲಿಂದ ಗಣಿ ಮುಚ್ಚುವವರೆಗೆ ಹಲಗೆಯ ಮೇಲೆ ಒಂದು ಬಿಲ್ಲೆ ಉಳಿದಿದ್ದರೂ ಆಕೆ ಮನೆಗೆ ಹೋದದ್ದಿಲ್ಲ. ಮುಷ್ಕರದ ನಲವತ್ತೊಂದು ದಿನವೂ ಅಷ್ಟೆ.

"ಫ್ಯಾನ್ ಆಫ್ ಮಾಡಿ, ಗೇಟ್ ಹಾಕಿ," ಎಂದ ಮ್ಯಾನೇಜರ್. "ಇದು ನನ್ನ ಆರ್ಡರ್. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ, ಇವತ್ತು ಲೇಟಾದ್ರೆ ನಾನೂ ಏನೂ ಮಾಡಕ್ಕಾಗಲ್ಲ."

ಆಕೆ ಕುರ್ಚಿಯನ್ನು ಫ್ಯಾನಿನ ಸ್ವಿಚ್ಚಿನ ಕೆಳಗೆ ಎಳೆದುಕೊಂಡು ಕೂತಳು.

"ನಾನು ಮನೆಗೆ ಹೋಗೋದು ದೊಡ್ಡ ವಿಷಯ ಅಲ್ಲ. ನೀವು ಬುಧವಾರ ಬಂದು ಗೇಟ್ ತೆಗೀತೀರಲ್ಲ, ಆಗ ವಾಸನೆ ಹಿಡ್ಕೊಂಡು ಹುಡುಕಿ ಅವರನ್ನ."

ಕೆಮ್ಮಣ್ಣ ತನ್ನ ಬಿಲ್ಲೆಯನ್ನು ಮತ್ತೆ ಮೊಳೆಗೆ ಹಾಕಿ ದೀಪ ಎತ್ತಿಕೊಂಡ, ಎರಡು ಹೆಜ್ಜೆ ಹೋಗುವಷ್ಟರಲ್ಲಿ ಕೆಮ್ಮು ಹತ್ತಿ ಗೋಡೆ ಹಿಡಿದು ನಿಂತ. ಆ ದಿನ ಅವನದು ಅದು ನಾಲ್ಕನೇ ಇಳಿತ. ಒಬ್ಬಂಟಿಯಾಗಿ ಕಳಿಸುವಂತಿರಲಿಲ್ಲ. ಬಿಲ್ಲೆಯಕ್ಕ ಡಬ್ಬಿ ತೆಗೆದು ಇಪ್ಪತ್ಮೂರನೇ ಬಿಲ್ಲೆಯನ್ನು ತನ್ನ ಹೆಸರಿಗೆ ಮೊಳೆಗೆ ಹಾಕಿದಳು. ಟೀ ಅಂಗಡಿಯಾಕೆಯನ್ನು ಕುರ್ಚಿಯಲ್ಲಿ ಕೂರಿಸಿದಳು.

"ನಾನು ಬಂದು ತೆಗೆಯೋವರೆಗೂ ಇದನ್ನ ಯಾರೂ ಮುಟ್ಬಾರದು. ಸ್ವಿಚ್ ಹತ್ರ ಇವರು ಬಂದ್ರೆ ಬಿಸಿ ಟೀ ಎರಚು."

ಮ್ಯಾನೇಜರ್ ತಾನೇ ಒಂದು ದೀಪ ತಂದು ಆಕೆಯ ಕೈಗೆ ಕೊಟ್ಟನಂತೆ. ಅದನ್ನೂ ಹೇಳಬೇಕು. ಹಾಗೆ ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಆಕೆ ಆ ಸುರಂಗಕ್ಕೆ ಇಳಿದಳು, ನನ್ನಂಥವನನ್ನು ಹುಡುಕಿಕೊಂಡು.

ನನಗೆ ಮೊದಲು ಕೇಳಿಸಿದ್ದು ಕೆಮ್ಮು. ಅಷ್ಟು ಚೆಂದದ ಕೆಮ್ಮನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಆಮೇಲೆ ಹೆಣ್ಣು ದನಿ.

"ಹದಿನೇಳೂ! ಹದಿನೇಳು ಎಲ್ಲಿ?"

"ಇದ್ದೀನಿ!" ಎಂದು ಕಿರುಚಿದೆ. ಯಾವ ಸಭೆಯಲ್ಲೂ ನನ್ನ ಗಂಟಲಿನಿಂದ ಅಂಥ ದನಿ ಬಂದಿರಲಿಲ್ಲ.

"ಇದ್ದ ಕಡೆನೇ ಇರಿ. ಉಪಕಾರ ಮಾಡೋಕೆ ಹೋಗಿ ಎದ್ದು ಬರ್ಬೇಡಿ."

ಬೆಳಕು ಬಂತು. ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ದೀಪ ಅತ್ತ ತಿರುಗಿಸಿದಳು.

"ಏಟು ಜೋರಿಲ್ಲ. ಮೊದ್ಲು ಜಿಪ್ ಹಾಕ್ಕೊಳ್ಳಿ."

ಹತ್ತುವಾಗ ಆಕೆ ಎಡಗಡೆಯ ಗೋಡೆಯನ್ನು ಬೆರಳಿನಿಂದ ಸವರುತ್ತಲೇ ಬಂದಳು, ಗೋಡೆ ಹಿಡಿದು ಬರುವವರು ಸವರುವ ಹಾಗೆ. ಕೆಮ್ಮಣ್ಣ ಹಿಂದಿನಿಂದ ಕೆಮ್ಮುತ್ತ ಬಂದ.

ಮೇಲೆ ಬಂದು ಕೈ ಮುಗಿಯಲು ಹೋದೆ. "ಆಮೇಲೆ," ಎಂದಳು. "ಮೊದ್ಲು ಬಿಲ್ಲೆ ತೆಗೀರಿ." ಹದಿನೇಳನ್ನು ತೆಗೆದು ಆಕೆಯ ಅಂಗೈಗಿಟ್ಟೆ. ಕೆಮ್ಮಣ್ಣ ತನ್ನದನ್ನು, ಆಕೆ ಇಪ್ಪತ್ಮೂರನ್ನು ತೆಗೆದರು. ಹಲಗೆ ಖಾಲಿಯಾಯಿತು. ಆಗ ಹೋಗಿ ಫ್ಯಾನು ನಿಲ್ಲಿಸಿದಳು. ಆ ಸದ್ದು ನಿಂತಾಗ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಜಲಪಾತ ತಪ್ಪಿತ್ತು. ಮ್ಯಾನೇಜರ್ ದಿನಚರಿ ಪುಸ್ತಕ ತಂದ. "ದೀಪದ ಕೋಣೆಯಿಂದ ಐವತ್ತು ನಿಮಿಷ ತಡ" ಎಂದು ಆಗಲೇ ಬರೆದಿದ್ದ. "ಬರೀಬೇಕಾಗತ್ತೆ ಸರ್, ಸಮಿತಿಯವರು ಕೇಳ್ತಾರೆ. ನೀವೂ ಕೆಳಗೆ ಏನಾದ್ರೂ ಬರೀರಿ." ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಗಟ್ಟಿಯಾಗಿ ಮಾತಾಡುವುದರಲ್ಲಿ ನಾನು ಅವನಿಗಿಂತ ಹಿರಿಯ.

ಪೆನ್ನು ಹಿಡಿದರೆ ಕೈ ತಂತಾನೇ "ಉಗ್ರವಾಗಿ ಖಂಡಿಸುತ್ತೇವೆ" ಎಂದು ಬರೆಯಲು ಹೊರಟಿತು. ಹೊಡೆದುಹಾಕಿ ಹೀಗೆ ಬರೆದೆ: "ದೀಪ ಬಿಟ್ಟದ್ದು ನನ್ನ ತಪ್ಪು. ದೀಪ ಎಣಿಸಿದವರ ಪ್ರಕಾರ ನಾನು ಮೇಲೆ ಬಂದಿದ್ದೆ. ನನ್ನನ್ನು ಎಣಿಸಿದವರು ಬಿಲ್ಲೆಯಕ್ಕ ಒಬ್ಬರೇ. ಕೈಪಟ್ಟಿಯೂ ಬಿಚ್ಚಿ ಇನ್ನೊಬ್ಬರ ಕೈಗೆ ಕೊಡಬಹುದಾದ ವಸ್ತುವೇ. ಈ ಹಲಗೆ ಇಲ್ಲೇ ಇರಲಿ, ಇವರೂ ಇಲ್ಲೇ ಇರಲಿ. ಮೂವತ್ತು ವರ್ಷದ ಹಿಂದೆ ಇವರನ್ನು ಕಂಪನಿಯ ಬಾಲ ಎಂದು ಬಹಿರಂಗವಾಗಿ ಕರೆದಿದ್ದೆ. ಆಗ ಆರು ಜನ ನಲವತ್ತೊಂದು ದಿನ ಇಳಿದು ಜೀವಂತ ಹತ್ತಿ ಬಂದದ್ದು ಇವರಿಂದ. ಅಂದದ್ದು ತಪ್ಪು. ಇವರಿಗೆ ನನ್ನ ಜೀವಮಾನದ ಧನ್ಯವಾದ."

"ಮೇಷ್ಟ್ರೇ, ಓದಿ. ನನ್ನ ಕನ್ನಡಕ ಒಳಗಿದೆ," ಎಂದಳು. ಮೇಷ್ಟ್ರು ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ ಓದಿದರು. ಬಸ್ಸಿನಿಂದ ಇಳಿದವರೆಲ್ಲ ಸುತ್ತ ನಿಂತು ಕೇಳಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸದ್ಯ.

"ಆವತ್ತು ಕೇಳಿಸಿತ್ತಾ ಅಕ್ಕ?" ಎಂದೆ.

"ಕೇಳಿಸ್ದೇ ಏನು, ಆ ಮೈಕ್ ನಮ್ಮ ಕಿಟಕಿಗೇ ಕಟ್ಟಿದ್ರಿ." ಬಿಲ್ಲೆಗಳನ್ನು ಡಬ್ಬಿಗೆ ಹಾಕುತ್ತ ಹೇಳಿದಳು, "ಬಿಡಿ. ಬಾಲ ಅಂದ್ರೇನೀಗ? ಬಾಲ ಇಲ್ದಿದ್ರೆ ನೊಣ ಯಾರು ಓಡಿಸ್ತಿದ್ರು?"

ನಾನು ಬಸ್ಸಿನಲ್ಲಿ ವಾಪಸು ಹೋಗಲಿಲ್ಲ. ವಸತಿಗೃಹದಲ್ಲಿ ರೂಮು ಹಿಡಿದು ಎರಡು ದಿನ ಉಳಿದೆ. ಕೆಮ್ಮಣ್ಣನ ಜೊತೆ ಹಳಿಯ ದಾರಿಯಲ್ಲಿ ನಡೆದು ಜಲಪಾತ ನೋಡಿದೆ. ಚೆನ್ನಾಗಿದೆ, ನೀರು ಬೀಳುತ್ತದೆ. ಅದಕ್ಕಿಂತ ಚೆನ್ನಾಗಿದ್ದದ್ದು ಮಂಗಳವಾರ ಮಧ್ಯಾಹ್ನ ಬಿಲ್ಲೆಯಕ್ಕನ ಮನೆಯ ಹೊಸ್ತಿಲಲ್ಲಿ ಕೂತು, ಬೂದಿ ಹಚ್ಚಿ ಬಿಲ್ಲೆ ಉಜ್ಜಿದ್ದು. ನಾನು ಉಜ್ಜಿದ ಎಂಟರಲ್ಲಿ ಐದನ್ನು ಆಕೆ ಮತ್ತೆ ಉಜ್ಜಿದಳು. ಅದೇ ಹೊತ್ತಿಗೆ ಸಮಿತಿಯ ಸಭೆ ನಡೆಯುತ್ತಿತ್ತು. ಆಕೆ ಆ ಮಾತೆತ್ತಲಿಲ್ಲ, ಬೀದಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ತಲೆ ಮಾತ್ರ ಎತ್ತುತ್ತಿದ್ದಳು. ನಾಲ್ಕರ ಸುಮಾರಿಗೆ ಮ್ಯಾನೇಜರೇ ಬಂದ. ನನ್ನ ಬರಹವನ್ನು ಅವನೇ ಸಭೆಯಲ್ಲಿ ಓದಿದನಂತೆ. ಕೈಪಟ್ಟಿ ಟಿಕೆಟ್ ಗೇಟಿಗೆ, ಬಿಲ್ಲೆಯ ಹಲಗೆ ದೀಪದ ಕೋಣೆಗೆ. ಬಸ್ಸು ಅರ್ಧ ಗಂಟೆ ಮೊದಲೇ ಹೊರಡಬೇಕು ಎಂದು ತೀರ್ಮಾನ.

"ಸರಿ," ಎಂದಳು ಬಿಲ್ಲೆಯಕ್ಕ. "ಟೀ ಕುಡೀತೀರಾ?" ಒಳಗೆ ಹೋದವಳು ಟೀ ತರಲು ತುಂಬ ಹೊತ್ತು ಮಾಡಿದಳು. ನಾವಿಬ್ಬರೂ ಕರೆಯಲಿಲ್ಲ.

ಬುಧವಾರ ಮತ್ತೆ ಸಾಲಿನಲ್ಲಿ ನಿಂತೆ, ಹದಿನೇಳು ಕೊಡಿ ಎಂದು ಕೇಳಿದೆ.

"ಇವತ್ತು ನಿಮ್ದು ನಾಲ್ಕು. ನಂಬರಿನ ಮೇಲೆಲ್ಲ ಹಕ್ಕು ಹೂಡ್ಬೇಡಿ, ಇದು ನಿಮ್ಮ ಯೂನಿಯನ್ ಅಲ್ಲ."

ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು. ಕೈಯಾರೆ ಹಾಕಿ, ಕೈಯಾರೆ ತೆಗೀರಿ ಎಂಬ ಹಳೆಯ ಮಾತಿನ ಮುಂದೆ ಹೊಸದೊಂದು ಸೇರಿತ್ತು.

"ಯಾರ ದೀಪನೂ ಯಾರೂ ಹಿಡ್ಕೊಳ್ಳೋ ಹಾಗಿಲ್ಲ. ಎರಡೂ ಕೈಗೆ ಕೆಲಸ ಇರೋರು ಈಗ್ಲೇ ಹೋಗ್ಬನ್ನಿ, ಕಾಯ್ತೀನಿ!"

ಜನ ನಕ್ಕರು. ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತ, ನಗು ತಡೆಯಲು ಮುಖ ಆಚೆ ಮಾಡಿದ. ಸಾಲಿನಿಂದ ನಾಲ್ಕು ಜನ ಹೊರಗೆ ಬಂದೆವು, ಎಲ್ಲರೂ ಕೂದಲು ನರೆತವರೇ. ನಾವು ತಿರುಗಿ ಬರುವವರೆಗೂ ಆಕೆ ಒಬ್ಬರನ್ನೂ ಇಳಿಯಲು ಬಿಡಲಿಲ್ಲ.